ರೈಟ್ರ ಮಗ ಕಾಫಿ ಕುಡಿಯೋದಿಲ್ಲ

ಮೊನ್ನೆ ನಮ್ಮ ಹಿತ್ತಲ ಗೇಟಿಗೆ ಕಟ್ಟಿದ್ದ ಟೈ ಹರಿದುಹೋಯಿತು. ನೀವು ಸರಿಯಾಗಿಯೇ ಓದಿದಿರಿ, ಟೈ. ಕಡುನೀಲಿ ಬಣ್ಣದ್ದು, ಸಣ್ಣ ಬಿಳಿ ಚುಕ್ಕಿಗಳದ್ದು. ನನ್ನ ಕೊರಳಲ್ಲಿ ಎರಡು ವರ್ಷ ನೇತಾಡಿ, ಆಮೇಲೆ ಎರಡು ಮಳೆಗಾಲ ಗೇಟನ್ನು ಹಿಡಿದುಕೊಂಡು ನಿಂತು, ಕೊನೆಗೆ ಪಕ್ಕದ ಮನೆಯ ದನ ತಲೆ ಹಾಕಿ ನೂಕಿದ್ದಕ್ಕೆ ಎರಡು ತುಂಡಾಯಿತು. ಅಂಥವು ನನ್ನ ಹತ್ತಿರ ಹನ್ನೊಂದಿದ್ದವು. ಒಂದರಲ್ಲಿ ಅಮ್ಮ ಮಲ್ಲಿಗೆ ಬಳ್ಳಿಯನ್ನು ಕಂಬಕ್ಕೆ ಕಟ್ಟಿದ್ದಾಳೆ. ಒಂದು ಅಕ್ಕಿ ಚೀಲದ ಬಾಯಿಗೆ ಹೋಯಿತು. ಮೆರೂನ್ ಬಣ್ಣದ್ದೊಂದನ್ನು ನಾನು ತುಂಬ ಜೋಪಾನ ಮಾಡಿದ್ದೆ. ಅದು ಈಗ ನಾಯಿಯ ಕೊರಳಲ್ಲಿದೆ, ಸತ್ಯ ಹೇಳಬೇಕೆಂದರೆ ನನಗಿಂತ ಅದಕ್ಕೇ ಚೆನ್ನಾಗಿ ಒಪ್ಪುತ್ತದೆ. ಮಲ್ಲಂದೂರಿನ ಕಡೆಯ ಕಾಫಿ ಎಸ್ಟೇಟಿನ ಕ್ವಾರ್ಟರ್ಸಿನಲ್ಲಿ ಇರುವವನಿಗೆ ಟೈ ಕಟ್ಟಿಕೊಂಡು ಹೋಗುವ ಜಾಗ ಎಲ್ಲಿದೆ ಹೇಳಿ.

ನಾನು ಪರದೇಶದಲ್ಲಿ ಎರಡು ವರ್ಷ ಮಿಷನರಿಯಾಗಿದ್ದೆ ಎಂದರೆ ಈಗ ಜನ ನನ್ನ ಲುಂಗಿ ನೋಡಿ ನಗುತ್ತಾರೆ. ನಗಲಿ. ನನಗೆ ಅದು ಹೆಮ್ಮೆಯ ವಿಷಯವೇ. ಆದರೆ ಆ ಹೆಮ್ಮೆಯಲ್ಲಿ ನನ್ನ ಪಾಲು ಎಷ್ಟು, ನನ್ನ ಅಪ್ಪನ ಪಾಲು ಎಷ್ಟು ಎಂದು ಕೇಳಿದರೆ ಸ್ವಲ್ಪ ತಡವರಿಸುತ್ತೇನೆ. ಅದನ್ನೇ ಹೇಳೋಣ ಎಂದು ಕೂತಿದ್ದೇನೆ.

ಅಪ್ಪ ಪ್ರಭಾಕರ ರೈಟ್ರು. ಎಸ್ಟೇಟಿನಲ್ಲಿ ರೈಟರ್ ಎಂದರೆ ಕಥೆ ಕವನ ಬರೆಯುವವರಲ್ಲ. ಬೆಳಿಗ್ಗೆ ಆಳುಗಳ ಹಾಜರಿ ಹಾಕಿ, ಹಗಲೆಲ್ಲ ಕೆಲಸ ನೋಡಿಕೊಂಡು, ಆಳುಗಳಿಗೂ ಸಾಹುಕಾರ್ರಿಗೂ ನಡುವೆ ನಿಂತು ಎರಡೂ ಕಡೆಯಿಂದ ಬೈಸಿಕೊಳ್ಳುವ ಉದ್ಯೋಗ. ಅಪ್ಪ ಅದನ್ನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಮಾಡುತ್ತಿದ್ದಾರೆ. ಅವರ ನಿಜವಾದ ದೊಡ್ಡಸ್ತಿಕೆ ಮಾತ್ರ ಕಣದಲ್ಲಿ, ಅಂದರೆ ಕಾಫಿ ಒಣಗಿಸುವ ಅಂಗಳದಲ್ಲಿ. ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ತೆಳ್ಳನೆಯ ಹೊಟ್ಟಿನೊಳಗಿರುವ ಬೀಜವನ್ನು ಹರಡುತ್ತಾರಲ್ಲ, ನಮ್ಮ ಕಡೆ ಅದಕ್ಕೆ ಪಾರ್ಚ್‌ಮೆಂಟ್ ಅನ್ನುತ್ತಾರೆ, ಅದು ಎಷ್ಟು ಒಣಗಿದೆ ಎಂದು ಅಪ್ಪ ಒಂದು ಬೀಜ ಕಚ್ಚಿ ಹೇಳುತ್ತಾರೆ. ಹಲ್ಲಿನ ಗುರುತು ಬಿದ್ದರೆ ಇನ್ನೂ ಹಸಿ. ಟಕ್ ಎಂದು ಒಡೆದರೆ ಚೀಲಕ್ಕೆ ತುಂಬಬಹುದು. ಸಾಹುಕಾರ್ರು ತೇವ ಅಳೆಯುವ ಮೆಷಿನ್ನೊಂದನ್ನು ತರಿಸಿದ್ದರು. ಮೊದಲ ವರ್ಷ ಅಪ್ಪನ ಹಲ್ಲಿಗೂ ಮೆಷಿನ್ನಿಗೂ ಸಣ್ಣ ಜಗಳವಾಯಿತು. ಎರಡನೆಯ ವರ್ಷ ಸಾಹುಕಾರ್ರೇ ಅಪ್ಪನನ್ನು ಕೇಳಿದ ಮೇಲೆ ಮೆಷಿನ್ ಆನ್ ಮಾಡತೊಡಗಿದರು. ಕಚ್ಚಿ ಕಚ್ಚಿ ಅಪ್ಪನ ಮುಂದಿನ ಒಂದು ಹಲ್ಲಿನ ತುದಿ ಸವೆದಿದೆ. ಚಿಕ್ಕವನಾಗಿದ್ದಾಗ ಎಲ್ಲರ ಅಪ್ಪಂದಿರ ಹಲ್ಲೂ ಹಾಗೇ ಇರುತ್ತದೆ ಎಂದು ನಾನು ನಂಬಿದ್ದೆ.

ನಾನೂ ಆ ಕಣದಲ್ಲೇ ಬೆಳೆದವನು. ಚಪ್ಪಲಿ ಹಾಕಿಕೊಂಡು ಅಲ್ಲಿ ಕಾಲಿಟ್ಟರೆ ಬೆನ್ನಿಗೆ ಬೀಳುತ್ತಿತ್ತು. ಉದ್ದ ಹಿಡಿಯ ಮರದ ಹಲಗೆಯಲ್ಲಿ ಬೀಜವನ್ನು ಎಳೆದು ಸಾಲು ಮಾಡುವುದು, ಗಂಟೆಗೊಮ್ಮೆ ಸಾಲು ಮುರಿದು ಮತ್ತೆ ಎಳೆಯುವುದು, ಸಂಜೆ ಗುಡ್ಡೆ ಹಾಕಿ ಮುಚ್ಚುವುದು, ಇದೆಲ್ಲ ನನಗೆ ಅ ಆ ಇ ಈ ಕಲಿಯುವ ಮೊದಲೇ ಬಂತು. ಕಾಫಿ ಕುಡಿಯಲು ಕಲಿತದ್ದು ಯಾವಾಗ ಎಂದು ನೆನಪೇ ಇಲ್ಲ. ಬಸಿಗೆ ಹಾಕಿ ಆರಿಸಿದ ಬೆಲ್ಲದ ಕಾಫಿಯನ್ನು ನನಗೆ ಎರಡು ವರ್ಷವಾಗುವ ಮೊದಲೇ ಅಜ್ಜಿ ಕುಡಿಸಿದ್ದಳಂತೆ. ನಮ್ಮ ಕಡೆ ಕಾಫಿ ಬೇಡ ಎನ್ನುವ ಮನುಷ್ಯನನ್ನು ಜನ ಎರಡು ಸಲ ಕೇಳುತ್ತಾರೆ. ಎರಡನೆಯ ಸಲವೂ ಬೇಡ ಎಂದರೆ ಮೈ ಸರಿಯಿಲ್ಲವಾ ಎಂದು ಕೇಳುತ್ತಾರೆ. ಮೈ ಸರಿಯಿದೆ ಎಂದರೆ ಬೇಜಾರು ಮಾಡಿಕೊಳ್ಳುತ್ತಾರೆ.

ಇಂಥ ಮನೆಯ ಹುಡುಗ ನಾನು ಬೆಂಗಳೂರಿಗೆ ಡಿಗ್ರಿ ಓದಲು ಹೋಗಿ, ರೂಮಿನ ಗೆಳೆಯನ ಹಿಂದೆ ಭಾನುವಾರ ಭಾನುವಾರ ನಡೆದು, ಮಾರ್ಮನ್ನರು ಎಂಬ ಅಮೆರಿಕದ ಕ್ರೈಸ್ತ ಪಂಗಡದ ಸಭೆಗೆ ಸೇರಿಬಿಟ್ಟೆ. ನಮ್ಮದು ಮೂರು ತಲೆಮಾರಿನಿಂದ ಕ್ರೈಸ್ತರ ಮನೆಯೇ. ಹಾಗಾಗಿ ಅಪ್ಪನಿಗೆ ಇದು ಒಂದು ಬಸ್ಸಿಳಿದು ಇನ್ನೊಂದು ಬಸ್ಸು ಹತ್ತಿದಷ್ಟೇ ಅನ್ನಿಸಬಹುದು ಎಂದು ನಾನು ಅಂದಾಜು ಮಾಡಿದ್ದೆ. ಅರ್ಧ ಸರಿಯಾಗಿತ್ತು. ಚರ್ಚು ಬದಲಾಯಿಸಿದ್ದಕ್ಕೆ ಅಪ್ಪ ಮೂರು ದಿನ ಮಾತು ಬಿಟ್ಟರು. ಕಾಫಿ ಬಿಟ್ಟದ್ದಕ್ಕೆ ಹದಿನಾಲ್ಕು ತಿಂಗಳು.

ಹೌದು, ಮಾರ್ಮನ್ನರು ಕಾಫಿ ಕುಡಿಯುವುದಿಲ್ಲ. ಚಹಾ, ಹೆಂಡ, ಹೊಗೆಸೊಪ್ಪು ಯಾವುದೂ ಇಲ್ಲ. ಪಟ್ಟಿಯನ್ನು ನಾನು ಊಟದ ಹೊತ್ತಿಗೆ ಅಪ್ಪನ ಮುಂದೆ ಒಪ್ಪಿಸಿದೆ. ಸಾರಾಯಿ ಬೇಡ ಎಂದಾಗ ಅಪ್ಪ ತಲೆಯಾಡಿಸಿದರು. ಸಿಗರೇಟು ಬೇಡ ಎಂದಾಗ ಇನ್ನೂ ಖುಷಿಯಾಗಿ ತಲೆಯಾಡಿಸಿದರು. ಮೂರನೆಯದು ಕೇಳಿದ ಮೇಲೆ ಕೈ ತೊಳೆದುಕೊಂಡು ಬಂದು ಒಂದೇ ಮಾತು ಹೇಳಿದರು.

"ನಿನ್ನ ಈ ಮೈಯಲ್ಲಿ ಓಡೋ ರಕ್ತ ಕಾಫಿದು ಮಾರಾಯ. ಅದು ಪಾಪ ಅಂದ್ರೆ ನಾನು ಮೂವತ್ತು ವರ್ಷ ಮಾಡಿದ್ದು ಎಂಥದು?"

ಪಾಪ ಅಂತಲ್ಲ ಅಪ್ಪ, ನಾವು ಮಾತು ಕೊಟ್ಟಿರ್ತೀವಿ ಅಷ್ಟೇ ಎಂದು ಹೇಳಲು ನೋಡಿದೆ. ಅವರು ಅಷ್ಟರಲ್ಲಿ ಹೊರಗೆ ಹೋಗಿದ್ದರು, ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಮೆಷಿನ್ನಿನ ರಿಪೇರಿಗೆ ಬರುತ್ತಿದ್ದ ಇಬ್ರಾಹಿಂ ಸಾಹೇಬರು ನನ್ನ ಪರವಾಗಿ ಒಂದು ಸಲ ವಕಾಲತ್ತು ಮಾಡಿದರಂತೆ. ರಂಜಾನಿನಲ್ಲಿ ನಾನು ನಿಮ್ಮ ಮನೆ ಕಾಫಿ ಬೇಡ ಅಂದ್ರೆ ನಿಮಗೆ ಬೇಜಾರಾಗಲ್ಲ, ಹುಡುಗ ಬೇಡ ಅಂದ್ರೆ ಯಾಕೆ ರೈಟ್ರೇ ಎಂದು ಕೇಳಿದರಂತೆ. ಅದಕ್ಕೆ ಅಪ್ಪ, ನೀವು ಸಂಜೆಗೆ ಕುಡೀತೀರಲ್ಲ ಎಂದು ಬಾಯಿ ಮುಚ್ಚಿಸಿದರಂತೆ. ನಮ್ಮ ಸಭೆಯ ಹುಡುಗರು ಎರಡು ವರ್ಷ ಧರ್ಮಪ್ರಚಾರಕ್ಕೆ ಹೋಗುವುದು ರೂಢಿ, ಅದಕ್ಕೆ ಮಿಷನ್ ಅನ್ನುತ್ತಾರೆ. ನಾನು ಮಿಷನಿಗೆ ಹೊರಟ ದಿನ ಅಮ್ಮ ಬಸ್ಸಿನವರೆಗೆ ಬಂದಳು. ಅಪ್ಪ ಕಣದಲ್ಲಿದ್ದರು. ಹೋಗಿ ಎದುರು ನಿಂತು ಬರ್ತೀನಿ ಅಪ್ಪ ಎಂದೆ. ಹಲಗೆ ಎಳೆಯುತ್ತಲೇ ಇದ್ದರು, ತಲೆ ಎತ್ತಲಿಲ್ಲ. ಬಸ್ಸಿನಲ್ಲಿ ಚಿಕ್ಕಮಗಳೂರು ಮುಟ್ಟುವವರೆಗೂ ನಾನು ಅತ್ತೆ. ಹತ್ತೊಂಬತ್ತು ವರ್ಷದ ಗಂಡು ಬಸ್ಸಿನಲ್ಲಿ ಅಳುವುದನ್ನು ನೋಡಿ ಪಕ್ಕದ ಸೀಟಿನ ಹೆಂಗಸು ಕಿತ್ತಳೆ ಹಣ್ಣು ಸುಲಿದು ಕೊಟ್ಟಳು.

ನಮ್ಮನ್ನು ಎಲ್ಲಿಗೆ ಕಳಿಸಬೇಕೆಂದು ನಾವು ಕೇಳುವಂತಿಲ್ಲ. ನನಗೆ ಬಂದದ್ದು ಫಿಲಿಪೈನ್ಸ್‌ನ ಉತ್ತರದ ಬೆಟ್ಟದ ಸೀಮೆ. ಬೀಚು, ತೆಂಗಿನಮರ ಎಂದು ಕನಸು ಕಾಣುತ್ತ ಹೋದವನು ಬಸ್ಸಿಳಿದು ನೋಡಿದರೆ ಮಂಜು, ಇಳಿಜಾರು, ಸಿಲ್ವರ್ ಓಕಿನಂಥ ಮರ, ಅದರ ಕೆಳಗೆ ಕಾಫಿ ಗಿಡ. ನಮ್ಮ ಕಡೆಯ ಅತ್ತಿಗುಂಡಿಗೇ ಬಂದು ಇಳಿದ ಹಾಗಾಯಿತು. ದೇವರಿಗೂ ತಮಾಷೆ ಬರುತ್ತದೆ ಎಂದು ನನಗೆ ಖಾತ್ರಿಯಾದದ್ದು ಆಗಲೇ.

ಮಿಷನರಿಯ ದಿನಚರಿ ಎಂಥದ್ದೆಂದು ಕೇಳುತ್ತೀರಾ? ಬೆಳಿಗ್ಗೆ ಆರೂವರೆಗೆ ಏಳಬೇಕು. ಕಸರತ್ತು, ಸ್ನಾನ, ತಿಂಡಿ. ಆಮೇಲೆ ಓದು, ಪ್ರಾರ್ಥನೆ, ಅಲ್ಲಿಯ ಇಲೊಕಾನೊ ಭಾಷೆಯ ಅಭ್ಯಾಸ. ಹತ್ತು ಗಂಟೆಗೆ ಬಿಳಿ ಶರ್ಟು, ಟೈ ಕಟ್ಟಿಕೊಂಡು ಹೊರಗೆ. ಬೆಟ್ಟ ಹತ್ತು, ಬೆಟ್ಟ ಇಳಿ, ಮನೆ ಮನೆ ಬಾಗಿಲು ತಟ್ಟು. ಹತ್ತರಲ್ಲಿ ಎಂಟು ಮನೆಯವರು ಬೇಡ ಎನ್ನುತ್ತಾರೆ, ಒಂದು ಮನೆಯ ನಾಯಿ ಬೇಡ ಎನ್ನುತ್ತದೆ. ಉಳಿದ ಒಬ್ಬರು ಒಳಗೆ ಕರೆದು ಕೂರಿಸಿ ಕಾಫಿ ತರುತ್ತಾರೆ. ಹಾಗಾಗಿ ಆ ಭಾಷೆಯಲ್ಲಿ ನಾನು ಸ್ಪಷ್ಟವಾಗಿ ಕಲಿತ ಮೊದಲ ವಾಕ್ಯ, ಕ್ಷಮಿಸಿ, ನಾನು ಕಾಫಿ ಕುಡಿಯುವುದಿಲ್ಲ. ನಾವು ಮಾಡುವುದು ಬರೀ ಉಪದೇಶವಲ್ಲ, ಜನರ ಕೆಲಸಕ್ಕೂ ಕೈ ಹಾಕಬೇಕು. ಬೇಲಿ ಕಟ್ಟಿದ್ದೇನೆ, ಹಂದಿಗೂಡು ತೊಳೆದಿದ್ದೇನೆ, ಒಬ್ಬರ ಮಾಡಿಗೆ ತಗಡು ಹೊದೆಸಿದ್ದೇನೆ. ಸೋಮವಾರ ನಮ್ಮ ಸ್ವಂತ ದಿನ. ಬಟ್ಟೆ ಒಗೆಯಬೇಕು, ಸಾಮಾನು ತರಬೇಕು, ಮನೆಗೆ ಫೋನು ಮಾಡಬಹುದು. ಊರಿನಲ್ಲಿ ಒಂದು ಕರ್ಚೀಫು ಒಗೆಯದವನು ಅಲ್ಲಿ ಬಿಳಿ ಶರ್ಟಿನ ಕಾಲರಿನ ಕೆಮ್ಮಣ್ಣು ಬಿಡಿಸುವುದರಲ್ಲಿ ಪಂಡಿತನಾದೆ.

ಒಬ್ಬರೇ ಎಲ್ಲಿಗೂ ಹೋಗುವಂತಿಲ್ಲ. ಯಾವಾಗಲೂ ಇಬ್ಬರು. ನನ್ನ ಜೊತೆಗಾರ ಟೊಂಗಾ ದ್ವೀಪದ ಎಲ್ಡರ್ ಟೌಫಾ. ಎಲ್ಡರ್ ಎಂದರೆ ಹಿರಿಯ. ಮೀಸೆ ಸರಿಯಾಗಿ ಹುಟ್ಟದ ನಮ್ಮಂಥವರನ್ನೆಲ್ಲ ಅಲ್ಲಿ ಹಾಗೆಯೇ ಕರೆಯುವುದು. ಟೌಫಾ ಬಾಗಿಲಲ್ಲಿ ನಿಂತರೆ ಬಾಗಿಲು ಕಾಣುತ್ತಿರಲಿಲ್ಲ, ಅಷ್ಟು ದೊಡ್ಡ ಆಳು. ಆದರೆ ರಕ್ತ ಹೀರುವ ಇಂಬಳ ಕಂಡರೆ ಕೂತಲ್ಲೇ ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡುತ್ತಿದ್ದ. ನಾನು ಎರಡು ಬೆರಳಲ್ಲಿ ಇಂಬಳ ಕಿತ್ತು ಎಸೆದು ಮುಂದೆ ನಡೆಯುವುದನ್ನು ನೋಡಿ ಅವನಿಗೆ ನನ್ನ ಮೇಲೆ ಬಂದ ಗೌರವ ನಾನು ಎಷ್ಟು ಬೈಬಲ್ ವಾಕ್ಯ ಒಪ್ಪಿಸಿದ್ದರೂ ಬರುತ್ತಿರಲಿಲ್ಲ. ನಮ್ಮ ಶರ್ಟಿನ ಜೇಬಿನ ಮೇಲೆ ಕಪ್ಪು ಪ್ಲೇಟಿನಲ್ಲಿ ಮನೆ ಹೆಸರು ಇರಬೇಕು. ನನ್ನ ಪಾಸ್‌ಪೋರ್ಟಿನಲ್ಲಿ ಮನೆ ಹೆಸರಿನ ಜಾಗದಲ್ಲಿ ಇದ್ದದ್ದು ಅಪ್ಪನ ಹೆಸರು. ನನ್ನ ಹತ್ತಿರ ಮಾತೇ ಆಡದ ಮನುಷ್ಯನ ಹೆಸರನ್ನು ಎದೆಯ ಮೇಲೆ ಚುಚ್ಚಿಕೊಂಡು ಓಡಾಡಿದೆ. ಇಡೀ ಬೆಟ್ಟದ ಸೀಮೆಯೇ ನನ್ನನ್ನು ಪ್ರಭಾಕರ್ ಎಂದು ಕರೆಯುತ್ತಿತ್ತು.

ಸೋಮವಾರದ ಫೋನಿನ ಬಗ್ಗೆ ಹೇಳಬೇಕು. ನಮ್ಮ ಕ್ವಾರ್ಟರ್ಸಿನಲ್ಲಿ ಸಿಗ್ನಲ್ ಸಿಗುವುದಿಲ್ಲ. ಸಿಗುವುದು ಕಣದ ಮೂಲೆಯ ನೀರಿನ ತೊಟ್ಟಿಯ ಹತ್ತಿರ. ಅಮ್ಮ ಅಲ್ಲಿಗೇ ಬಂದು ನಿಂತು ವಿಡಿಯೋದಲ್ಲಿ ಮುಖದ ಅರ್ಧ ತೋರಿಸುತ್ತ ಮಾತಾಡುತ್ತಿದ್ದಳು. ಹಿಂದೆ ಸರ್ರ್ ಸರ್ರ್ ಎಂದು ಹಲಗೆ ಎಳೆಯುವ ಸದ್ದು. ಅಪ್ಪ ಎಲ್ಲಿದ್ದಾರೆ ಎಂದು ಕೇಳಿದರೆ, ಇಲ್ಲೇ ಇದಾರೆ, ಕೆಲಸ ಮಾಡ್ತಿದಾರೆ ಎನ್ನುತ್ತಿದ್ದಳು. ರೈಟ್ರು ಸ್ವತಃ ಹಲಗೆ ಹಿಡಿಯಬೇಕಾಗಿಲ್ಲ, ಅದಕ್ಕೆ ಆಳುಗಳಿದ್ದಾರೆ. ಕಣದಲ್ಲಿ ಕಾಫಿ ಇರಲಿ ಇಲ್ಲದಿರಲಿ, ಪ್ರತಿ ಸೋಮವಾರ ಅದೇ ಮೂಲೆಯ ಅದೇ ನಾಲ್ಕು ಮಾರು ಜಾಗವನ್ನು ಎಳೆದೂ ಎಳೆದೂ ಅಲ್ಲಿಯ ಸಿಮೆಂಟೇ ಸವೆದಿರಬೇಕು. ಫೋನಿಗೆ ಮಾತ್ರ ಬರುತ್ತಿರಲಿಲ್ಲ. ನಾನು ಬೇಕಂತಲೇ ಗಟ್ಟಿಯಾಗಿ ಮಾತಾಡುತ್ತಿದ್ದೆ. ಇವತ್ತು ಇಂಥ ಊರಿಗೆ ಹೋದೆ, ಅಲ್ಲಿ ಗಿಡ ಹೀಗೆ ಕತ್ತರಿಸುತ್ತಾರೆ, ನೆರಳು ಸಾಲದು ಎಂದೆಲ್ಲ. ಒಮ್ಮೊಮ್ಮೆ ಸದ್ದು ಒಂದು ಕ್ಷಣ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಒಂದು ವರ್ಷ ನಾನು ಆ ಸದ್ದನ್ನೇ ಅಪ್ಪ ಎಂದುಕೊಂಡು ಸಮಾಧಾನ ಮಾಡಿಕೊಂಡೆ.

ಇನ್ನು ಲೋಲೋ. ಅಲ್ಲಿ ಅಜ್ಜನಿಗೆ ಲೋಲೋ ಎನ್ನುತ್ತಾರೆ. ನಾನು ಹೇಳುವ ಲೋಲೋ ನಾವಿದ್ದ ಹಳ್ಳಿಯ ಮೇಲಿನ ತಿರುವಿನಲ್ಲಿ ಒಬ್ಬರೇ ಇದ್ದರು. ಎಲೆ ಅಡಿಕೆ ಜಗಿದು ಕೆಂಪಾದ ಬಾಯಿ, ಆ ಬಾಯಲ್ಲಿ ಮೇಲೊಂದು ಕೆಳಗೊಂದು ಹಲ್ಲು, ಅವೆರಡೂ ಒಂದಕ್ಕೊಂದು ಸೇರುತ್ತಿರಲಿಲ್ಲ. ಮೊದಲ ದಿನ ನಾನು ಕಾಫಿ ಬೇಡ ಎಂದಾಗ ಅವರಿಗೆ ಸಿಟ್ಟು ಬಂತು. ಎಲ್ಲಿಯವನು ನೀನು ಎಂದು ಕೇಳಿದರು. ಕಾಫಿ ಬೆಟ್ಟದವನು, ನಮ್ಮಪ್ಪನ ಕೆಲಸವೇ ಕಾಫಿ ಎಂದೆ. ಸಿಟ್ಟು ಹೋಗಿ ನಗು ಬಂತು. ಕೆಮ್ಮು ಬರುವವರೆಗೂ ನಕ್ಕರು. ಆಮೇಲೆ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ನನ್ನನ್ನು ತೋರಿಸಿದರು. ನಮ್ಮ ಧರ್ಮದ ಬಗ್ಗೆ ಒಂದು ಮಾತೂ ಕೇಳಿಸಿಕೊಳ್ಳಲಿಲ್ಲ, ಆದರೆ ವಾರಕ್ಕೆರಡು ಸಲ ಬರಲೇಬೇಕೆಂದರು. ಬಂದಾಗಲೆಲ್ಲ ನನ್ನ ಮುಂದೆ ಒಂದು ಲೋಟ ಕಾಫಿ ಇಡುವುದು, ನಾನು ಬೇಡ ಎನ್ನುವುದು, ಅವರು ಅದನ್ನೂ ತಾವೇ ಕುಡಿಯುವುದು.

ನಾನು ಹೋಗಿ ವರ್ಷವಾಗುತ್ತಿದ್ದ ಆ ಡಿಸೆಂಬರಿನಲ್ಲಿ ಲೋಲೋ ನಗುತ್ತಿರಲಿಲ್ಲ. ಹಿಂದಿನ ವರ್ಷ ಮೊದಲ ಸಲ ಹಣ್ಣಿನ ಸಿಪ್ಪೆ ತೆಗೆದು ತೊಳೆದು ಪಾರ್ಚ್‌ಮೆಂಟ್ ಮಾಡಿದ್ದರು. ಪೇಟೆಯ ವ್ಯಾಪಾರಿ ಬಂದು ಮೂಸಿ ನೋಡಿ, ಮುಗ್ಗಲು ಎಂದು ಒಂದು ಚೀಲವನ್ನೂ ಎತ್ತದೆ ಹೋಗಿದ್ದ. ಈ ವರ್ಷವೂ ಹಾಗಾದರೆ ಗಿಡ ಕಿತ್ತು ಎಲೆಕೋಸು ಹಾಕುತ್ತೇನೆ ಎಂದರು. ಸುತ್ತಲಿನವರೆಲ್ಲ ಆಗಲೇ ಎಲೆಕೋಸು ಹಾಕಿಯಾಗಿತ್ತು. ಲೋಲೋನ ಗಿಡಗಳು ಅವರ ಹೆಂಡತಿ ನೆಟ್ಟವು. ಆಕೆ ತೀರಿಕೊಂಡು ಆರು ವರ್ಷವಾಗಿತ್ತು. ಹೇಳುವಾಗ ಅವರು ಗಿಡದ ಕಡೆ ನೋಡಲಿಲ್ಲ.

ಕೇಳಿದ್ದೇ ತಡ, ನನ್ನೊಳಗೆ ಮಲಗಿದ್ದ ರೈಟ್ರ ಮಗ ಎದ್ದು ಕೂತ. ನಾನು ಒಣಗಿಸಿಕೊಡುತ್ತೇನೆ ಎಂದೆ. ಇಂಡಿಯಾದಲ್ಲಿ ನಮ್ಮಪ್ಪನಷ್ಟು ಕಾಫಿ ಒಣಗಿಸುವುದು ಬಲ್ಲವರಿಲ್ಲ ಎಂದೂ ಸೇರಿಸಿದೆ. ಅಪ್ಪ ಕೇಳಿದ್ದರೆ ನಾಚಿಕೊಳ್ಳುತ್ತಿದ್ದರು, ಆದರೆ ಅಲ್ಲ ಎನ್ನುತ್ತಿರಲಿಲ್ಲ. ಟಾರ್ಪಾಲು ಹಾಸಿದೆ, ತೆಳ್ಳಗೆ ಹರಡಿದೆ, ಹಲಗೆಗೆ ಕೋಲು ಹೊಡೆದು ನಮ್ಮೂರಿನದರಂತೆಯೇ ಮಾಡಿದೆ. ಟೈಯನ್ನು ಶರ್ಟಿನೊಳಗೆ ತುರುಕಿಕೊಂಡು ಸಾಲು ಎಳೆದೆ. ನಾವಿಲ್ಲದ ಹೊತ್ತಿನಲ್ಲಿ ಲೋಲೋ ಎಳೆದರು. ಹಳ್ಳಿಯವರು ನಿಂತು ನೋಡಿದರು. ನನಗೋ, ಎಂಥ ಜಂಬ ಅಂತೀರಿ.

ಎಂಟನೆಯ ದಿನ ಬೀಜ ಗಲಗಲ ಎನ್ನತೊಡಗಿತು. ಒಣಗಿದೆಯಾ ಎಂದು ಲೋಲೋ ಕೇಳಿದರು. ಈಗ ಒಂದು ಬೀಜ ಕಚ್ಚಬೇಕು. ಬಾಯಿಯ ಹತ್ತಿರ ತಂದೆ, ಕೈ ಅಲ್ಲೇ ನಿಂತಿತು. ಕಾಫಿ ಬೀಜ ಕಚ್ಚಿದರೆ ಕಾಫಿ ಕುಡಿದ ಹಾಗಾಗುತ್ತದೆಯೇ? ನಗಬೇಡಿ. ಪ್ರಪಂಚದಲ್ಲಿ ಈ ಪ್ರಶ್ನೆ ಇನ್ನೊಬ್ಬನಿಗೆ ಬಂದಿರಲಾರದು ಎಂದು ನನಗೂ ಗೊತ್ತು. ಮಿಷನರಿ ಪುಸ್ತಕ ತೆಗೆದು ಹುಡುಕಿದೆ. ಎಷ್ಟು ಹೊತ್ತಿಗೆ ಮಲಗಬೇಕು, ಎಂಥ ಶೂ ಹಾಕಬೇಕು, ಎಲ್ಲ ಇದೆ, ಕಾಫಿ ಬೀಜ ಕಚ್ಚುವ ವಿಚಾರ ಇಲ್ಲ. ಟೌಫಾನನ್ನು ಕೇಳಿದೆ. ಅವನು ಬಹಳ ಹೊತ್ತು ಯೋಚಿಸಿ, ಅನುಮಾನ ಇದ್ದರೆ ಬೇಡ ಎಂದ. ಅವನೂ ಕಚ್ಚುವಂತಿಲ್ಲ. ಲೋಲೋ ಕಚ್ಚಲಿ ಎಂದರೆ ಅವರ ಎರಡು ಹಲ್ಲು ಒಂದಕ್ಕೊಂದು ಸೇರುವುದಿಲ್ಲ. ಹೀಗೆ ಒಂದು ಕಾಫಿ ಬೀಜದ ಸುತ್ತ ಮೂರು ಗಂಡಸರು ನಿಂತೆವು, ಮೂವರಲ್ಲಿ ಒಂದು ಉಪಯೋಗದ ಹಲ್ಲಿಲ್ಲ. ಕೊನೆಗೆ ನಾನು ಒಂದು ಹಿಡಿ ಬೀಜ ಕಿವಿಯ ಹತ್ತಿರ ಆಡಿಸಿ, ಸದ್ದು ಕೇಳಿ, ಒಣಗಿದೆ, ತುಂಬಿ ಎಂದು ತೀರ್ಪು ಕೊಟ್ಟೆ. ಅಪ್ಪ ಆ ಜಾಗದಲ್ಲಿ ನಿಂತು ಹೇಗೆ ಹೇಳುತ್ತಾರೋ ಅದೇ ಗತ್ತಿನಲ್ಲಿ ಹೇಳಿದೆ.

ಹೊಟ್ಟು ಬೇಗ ಒಣಗುತ್ತದೆ. ಗಲಗಲ ಎನ್ನುವುದು ಹೊಟ್ಟು. ಒಳಗಿನ ಬೀಜ ಹಸಿಯಾಗಿಯೇ ಇರುತ್ತದೆ. ಇದು ಕಣದಲ್ಲಿ ಆಡುವ ಮಗುವಿಗೂ ಗೊತ್ತು.

ನಾಲ್ಕು ದಿನ ಕಳೆದು ಬಂದ ಸೋಮವಾರ ಲೋಲೋ ನಮ್ಮ ಮನೆಯ ಬಾಗಿಲಿಗೇ ಬಂದರು. ಬಾ ಎಂದು ಕೈ ಮಾಡಿದರು. ಹೋಗಿ ಚೀಲ ಬಿಚ್ಚಿದರೆ ಹಸಿಹಸಿ ವಾಸನೆ ಮೂಗಿಗೆ ಬಂತು. ಮುಗ್ಗಲಿಗೆ ಇನ್ನು ಎರಡು ದಿನವಿತ್ತು ಅಷ್ಟೇ. ಮುಂದಿನ ವಾರ ವ್ಯಾಪಾರಿ ಬರುವವನಿದ್ದ. ಲೋಲೋ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮೆಟ್ಟಿಲ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚತೊಡಗಿದರು. ಎಲ್ಡರ್ ಪ್ರಭಾಕರ್ ಎಂದು ಎದೆಯ ಮೇಲೆ ಬರೆದುಕೊಂಡು ಬಂದು ಮುದುಕರ ಫಸಲು ಹಾಳು ಮಾಡಿದೆನಲ್ಲ ಎಂದು ನಾಚಿಕೆಯಲ್ಲಿ ಬೆಂದುಹೋದೆ.

ಅಲ್ಲಿಂದಲೇ ಮನೆಗೆ ಫೋನ್ ಹಚ್ಚಿದೆ. ಅಮ್ಮನ ಅರ್ಧ ಮುಖ ಬಂತು, ಹಿಂದೆ ಹಲಗೆಯ ಸದ್ದು. ಆಗಿದ್ದೆಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಹೊಟ್ಟಿನ ಸದ್ದು ಕೇಳಿ ಚೀಲ ತುಂಬಿಸಿದೆ ಎಂದ ಕೂಡಲೇ ಹಲಗೆ ನಿಂತಿತು. ನಾನು ಕಾದೆ, ಅದು ಮತ್ತೆ ಶುರುವಾಗಲಿಲ್ಲ. ಫೋನು ಅಲುಗಾಡಿತು, ಆಕಾಶ ಕಂಡಿತು, ತೊಟ್ಟಿ ಕಂಡಿತು, ಆಮೇಲೆ ಅಪ್ಪನ ಗಡ್ಡ ಮತ್ತು ಮೂಗು. ಹದಿನಾಲ್ಕು ತಿಂಗಳಾದ ಮೇಲೆ ಅಪ್ಪ ನನ್ನ ಹತ್ತಿರ ಆಡಿದ ಮೊದಲ ಮಾತು ಇದು.

"ಕಚ್ಚಿ ನೋಡಿದ್ಯಾ?"

ಇಲ್ಲ ಅಪ್ಪ ಎಂದೆ. ಯಾಕೆ ಎಂದು ಕೇಳಲಿಲ್ಲ ಅವರು. ನಾನು ಬೈಗುಳಕ್ಕೆ ತಯಾರಾಗಿದ್ದೆ, ಕಚ್ಚು ಎಂಬ ಅಪ್ಪಣೆಗೂ ತಯಾರಾಗಿದ್ದೆ. ಆ ಕ್ಷಣ ಅಪ್ಪ ಕಚ್ಚು ಎಂದಿದ್ದರೆ ನಾನು ಕಚ್ಚಿಬಿಡುತ್ತಿದ್ದೆ, ಅದನ್ನು ಮುಚ್ಚಿಡುವುದಿಲ್ಲ.

"ನೀನು ಕಚ್ಚೋದು ಬೇಡ. ನಮ್ಮಪ್ಪಂಗೂ ಕೊನೆಗೆ ಹಲ್ಲಿರ್ಲಿಲ್ಲ. ಅಡಕತ್ತರಿ ಇಟ್ಕೊಂಡಿದ್ರು. ಅಲ್ಲಿ ಅಡಿಕೆ ಕತ್ತರಿಸೋಕೆ ಎಂಥಾದ್ರೂ ಉಂಟಾ ಕೇಳು."

ಲೋಲೋನ ಸಂಚಿಯಲ್ಲಿ ಅಡಿಕೆ ಸೀಳುವ ಸಣ್ಣ ಚೂರಿಯಿತ್ತು. ಬೀಜವನ್ನು ಕಲ್ಲಿನ ಮೇಲಿಟ್ಟು ಕತ್ತರಿಸಲು ಅಪ್ಪ ಹೇಳಿದರು. ಚೂರಿ ಒಳಗೆ ಸಿಕ್ಕಿಕೊಂಡರೆ ಹಸಿ, ಎರಡು ಹೋಳಾಗಿ ಆಚೆ ಈಚೆ ಸಿಡಿದರೆ ಒಣಗಿದೆ. ಚೂರಿ ಸಿಕ್ಕಿಕೊಂಡಿತು. ಆಮೇಲೆ ಅರ್ಧ ಗಂಟೆ ಅಪ್ಪ ಹಾಜರಿ ಕರೆಯುವ ದನಿಯಲ್ಲಿ ಅಪ್ಪಣೆ ಕೊಟ್ಟರು. ಪ್ರತಿ ಚೀಲದೊಳಗೆ ಮೊಣಕೈವರೆಗೆ ಕೈ ಹಾಕು, ಬಿಸಿಯಾದದ್ದು ಬೇರೆ ಇಡು. ಉಳಿದದ್ದು ಈಗಿಂದೀಗಲೇ ಹರಡು. ಮಂಜು ಎಷ್ಟು ಗಂಟೆಗೆ ಬರುತ್ತದೆ? ಮಧ್ಯಾಹ್ನ ಎರಡಕ್ಕೇ ಬರುತ್ತದೆ ಎಂದೆ. ಮತ್ತೆ ಸಂಜೆವರೆಗೆ ಬಿಟ್ಟಿದ್ಯಾ ಎಂದರು. ನಮ್ಮೂರಿನಲ್ಲಿ ಮಂಜು ಬೆಳಿಗ್ಗೆ ಅಲ್ವಾ, ಅದಕ್ಕೆ ಸಂಜೆ ಮುಚ್ಚುವುದೇ ಅಭ್ಯಾಸ ಎಂದೆ. ನಮ್ಮೂರು ಇಲ್ಲಿದೆ, ನೀನು ಅಲ್ಲಿದೀಯ, ಆಕಾಶ ನೋಡಿ ಕೆಲಸ ಮಾಡೋದು ಕಲಿ ಎಂದರು. ಒಂದೂವರೆಗೇ ಗುಡ್ಡೆ ಹಾಕಿ ಮುಚ್ಚಬೇಕು. ಎಲ್ಲ ಮುಗಿಸಿ, ಊಟ ಮಾಡಿದ್ಯಾ ಎಂದೂ ಕೇಳದೆ ಫೋನನ್ನು ಅಮ್ಮನ ಕೈಗೆ ಕೊಟ್ಟು ಹೋದರು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನೂ ಟೈ ತುದಿಯಲ್ಲಿ ಒರೆಸಿಕೊಂಡೆ.

ಆ ವಾರ ಟೌಫಾ ಮತ್ತು ನಾನು ದಿನಾ ಲೋಲೋನ ಅಂಗಳದಲ್ಲೇ ನಮ್ಮ ಸೇವೆಯ ಹೊತ್ತು ಕಳೆದೆವು. ಬಿಸಿಯಾಗಿದ್ದ ಎರಡು ಚೀಲ ಕೈಬಿಟ್ಟುಹೋಯಿತು. ಅದನ್ನು ಲೋಲೋ ಮನೆ ಖರ್ಚಿಗೆ ಇಟ್ಟುಕೊಂಡರು, ನನಗೆ ಬೇಡವೆಂದು ಗೊತ್ತಿದ್ದೂ ಬೇಕಾ ಎಂದು ಕೇಳಿದರು. ಉಳಿದದ್ದರ ಗತಿಯನ್ನು ಈಗಲೇ ಹೇಳಿಬಿಡುತ್ತೇನೆ, ಸುಮ್ಮನೆ ಯಾಕೆ ನಿಮ್ಮನ್ನು ಕಾಯಿಸಲಿ. ವ್ಯಾಪಾರಿ ಬಂದ, ಮೂಸಿದ, ಇನ್ನೊಮ್ಮೆ ಮೂಸಿದ, ಅಷ್ಟೂ ಚೀಲವನ್ನು ಗಾಡಿಗೆ ಏರಿಸಿದ. ಯಾರು ಒಣಗಿಸಿದ್ದು ಎಂದು ಕೇಳಿದ. ಲೋಲೋ ನನ್ನ ಎದೆಯ ಪ್ಲೇಟಿಗೆ ಬೆರಳಿಟ್ಟು, ಪ್ರಭಾಕರ್ ಎಂದರು. ಯಾವ ಪ್ರಭಾಕರ್ ಎಂಬುದನ್ನು ನಾನು ತಿದ್ದಲು ಹೋಗಲಿಲ್ಲ. ಎಲೆಕೋಸಿನ ಮಾತು ಮತ್ತೆ ಬರಲಿಲ್ಲ.

ಆದರೆ ನಾನು ಹೇಳಹೊರಟದ್ದು ವ್ಯಾಪಾರಿ ಬರುವ ಹಿಂದಿನ ದಿನದ್ದು. ಸೋಮವಾರ. ಹೊತ್ತಿಗೆ ಸರಿಯಾಗಿ ಫೋನ್ ಮಾಡಿದರೆ ಅಮ್ಮನ ಮುಖವಿಲ್ಲ, ಸೀದಾ ಅಪ್ಪನ ಮೂಗು. ಕತ್ತರಿಸಿ ತೋರಿಸು ಎಂದರು. ಲೋಲೋ ಚೂರಿ ಒತ್ತಿದರು. ಬೀಜ ಎರಡು ಹೋಳಾಗಿ ಒಂದು ಟೌಫಾನ ಹೊಟ್ಟೆಗೆ ಬಡಿಯಿತು, ಇನ್ನೊಂದು ಸಿಗಲೇ ಇಲ್ಲ. ಅಪ್ಪ ಅಲ್ಲಿ, ಲೋಲೋ ಇಲ್ಲಿ, ಇಬ್ಬರೂ ಒಟ್ಟಿಗೆ ತಲೆಯಾಡಿಸಿದರು. ಆಮೇಲೆ ಇಬ್ಬರು ಮುದುಕರೂ ನನ್ನನ್ನು ನಡುವೆ ನಿಲ್ಲಿಸಿಕೊಂಡು ಹರಟೆಗೆ ಕೂತರು. ನಿಮ್ಮಲ್ಲಿ ಮಳೆ ಎಷ್ಟು, ಗಿಡಕ್ಕೆ ಎಷ್ಟು ವರ್ಷ, ಕಾಂಡಕೊರಕ ಹುಳ ಇದೆಯಾ. ನಾನು ಕನ್ನಡದಿಂದ ಇಲೊಕಾನೊಗೆ, ಇಲೊಕಾನೊದಿಂದ ಕನ್ನಡಕ್ಕೆ ತಿರುಗಿಸಿ ತಿರುಗಿಸಿ ಬಾಯಿ ಒಣಗಿಹೋಯಿತು. ಕೆಲಸದ ಮಾತು ಬಿಟ್ಟರೆ ಅಪ್ಪ ನನ್ನ ಹತ್ತಿರ ನೇರವಾಗಿ ಇನ್ನೂ ಏನೂ ಆಡಿರಲಿಲ್ಲ. ಹೇಳು ಅವ್ರಿಗೆ, ಕೇಳು ಅವ್ರನ್ನ, ಅಷ್ಟೇ.

ಕೊನೆಗೆ ಲೋಲೋ ಗಂಭೀರವಾದರು. ನಿನ್ನ ತಂದೆಯ ಹತ್ತಿರ ನನ್ನದೊಂದು ದೂರಿದೆ, ಬಿಡದೆ ಹೇಳು ಎಂದರು. ನಿಮ್ಮ ಮಗ ಆರು ತಿಂಗಳಿಂದ ನನ್ನ ಮನೆಗೆ ಬರುತ್ತಾನೆ, ನನ್ನ ಹೆಂಡತಿ ನೆಟ್ಟ ಗಿಡದ ಕಾಫಿ, ಒಂದು ದಿನವೂ ಒಂದು ಗುಟುಕು ಕುಡಿಯಲಿಲ್ಲ, ನಾನು ಏನೆಂದು ತಿಳಿಯಬೇಕು ಎಂದು ಕೇಳಿದರು. ಬೇರೆ ಯಾರನ್ನು ಕೇಳಿದ್ದರೂ ಆಗುತ್ತಿತ್ತು, ಇದನ್ನು ಇವರನ್ನೇ ಕೇಳಬೇಕೆ? ಹಾರಿಸಿ ಹೇಳೋಣವೆಂದುಕೊಂಡೆ, ಮನಸ್ಸು ಒಪ್ಪಲಿಲ್ಲ. ಒಂದು ಶಬ್ದ ಬಿಡದೆ ಕನ್ನಡಕ್ಕೆ ತಿರುಗಿಸಿದೆ. ಹೆಂಡತಿಯ ಮಾತು ಬಂದಾಗ ಅಪ್ಪ ಫೋನನ್ನು ಸ್ವಲ್ಪ ದೂರ ಹಿಡಿದರು, ಅವರ ಪೂರ್ತಿ ಮುಖ ಕಂಡಿತು. ಬಹಳ ಬಡವಾಗಿದ್ದರು. ಯೋಚಿಸುವಾಗ ಮಾಡುವಂತೆ ನಾಲಗೆಯನ್ನು ಆ ಸವೆದ ಹಲ್ಲಿಗೆ ಒತ್ತಿ ಕೂತರು.

"ಬೇಜಾರು ಮಾಡ್ಕೋಬೇಡಿ ಅಂತ ಹೇಳು ಅವ್ರಿಗೆ. ಅವ್ನು ಮಾತು ಕೊಟ್ಟಿದಾನೆ. ನನ್ನ ಮಗ ಒಂದ್ಸಲ ಮಾತು ಕೊಟ್ರೆ ತಪ್ಪೋನಲ್ಲ ಅಂತ ಹೇಳು."

ನಾನು ತಿರುಗಿಸಬೇಕಾಗಿತ್ತು. ಲೋಲೋ ನನ್ನ ಬಾಯಿ ನೋಡುತ್ತ ಕಾದಿದ್ದರು. ಟೌಫಾ, ಏನಂತೆ, ಏನಂತೆ ಎಂದು ಭುಜ ತಿವಿಯುತ್ತಿದ್ದ. ನನ್ನ ಬಾಯಿಗೆ ಇಲೊಕಾನೊ ಬರಲಿಲ್ಲ, ಇಂಗ್ಲಿಷೂ ಬರಲಿಲ್ಲ. ಮಿಷನರಿಯಾದವನು ಸುಳ್ಳು ಹೇಳಬಾರದು. ಎರಡು ವರ್ಷದಲ್ಲಿ ನಾನು ಹೇಳಿದ್ದು ಒಂದೇ ಸುಳ್ಳು, ಅದು ಅವತ್ತಿನದು.

"ಲೈನ್ ಸರಿ ಇಲ್ಲ ಅಪ್ಪ, ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ" ಎಂದೆ.

ಆಡಿದ್ದನ್ನೇ ಇನ್ನೊಮ್ಮೆ ಆಡಿಸಿದರೆ ರೇಗಿ ಎದ್ದುಹೋಗುವ ಮನುಷ್ಯ ನಮ್ಮಪ್ಪ. ಅವತ್ತು ರೇಗಲಿಲ್ಲ. ಫೋನನ್ನು ಬಾಯಿಯ ಹತ್ತಿರ ತಂದು, ಕಣದಲ್ಲಿದ್ದ ಹೆಂಗಸರೆಲ್ಲ ಕೆಲಸ ನಿಲ್ಲಿಸಿ ತಿರುಗಿ ನೋಡುವಷ್ಟು ಗಟ್ಟಿಯಾಗಿ, ಒಂದು ಅಕ್ಷರ ಬಿಡದೆ ಮತ್ತೊಂದು ಸಲ ಹೇಳಿದರು.